ಹಿಮದಲ್ಲಿ ಹಿಡಿದಿಟ್ಟ ಜಾಗ

...ಅಥವಾ ಆ ಕುರ್ಚಿ ಹಸಿರು ಬಣ್ಣದ್ದಾಗಿರಲಿಲ್ಲವೇನೋ. ಇಷ್ಟು ವರ್ಷ ಹಸಿರು ಎಂದೇ ನೆನಪಿಟ್ಟುಕೊಂಡಿದ್ದೇನೆ, ಕೇಳಿದವರಿಗೂ ಕೇಳದವರಿಗೂ ಹಾಗೆಯೇ ಹೇಳಿದ್ದೇನೆ. ಆದರೆ ಮೊನ್ನೆ ಗ್ಯಾರೇಜಿನಲ್ಲಿ ಹಿಮ ಎತ್ತುವ ಸಲಿಕೆ ಹುಡುಕುವಾಗ ಸೈಕಲ್ಲುಗಳ ಹಿಂದಿನಿಂದ ಹೊರಬಂದದ್ದು ನೀಲಿ ಪಟ್ಟಿಯ ಕುರ್ಚಿ. ಅಲ್ಯೂಮಿನಿಯಮ್ಮಿನ ಮಡಿಸುವ ಕುರ್ಚಿ. ಒಂದು ಕಾಲು ಸೊಟ್ಟಗಿದೆ. ಕಾಲುಗಳ ತುದಿಯಲ್ಲಿ, ಚಳಿಗಾಲದ ರಸ್ತೆಗೆ ಎರಚುತ್ತಾರಲ್ಲ, ಆ ಉಪ್ಪಿನ ಬಿಳಿ ಪೊರೆ.

"ಇದು ಮಾಲತಕ್ಕನ ಕುರ್ಚಿ ಅಲ್ವೇನೇ?" ಎಂದು ಉಷಾಳನ್ನು ಕೇಳಿದೆ. ಉಷಾ ನನ್ನ ಹೆಂಡತಿ. ನನ್ನ ನೆನಪುಗಳ ಮಟ್ಟಿಗೆ ಖಾಯಂ ಎದುರು ಪಕ್ಷದ ವಕೀಲೆ.

"ಅಲ್ಲಾರೀ. ಇವಳ ಸಾಕರ್ ಮ್ಯಾಚಿಗೆ ಅಂತ ನಾವೇ ತಗೊಂಡಿದ್ದಲ್ವಾ?"

"ಹಾಗಾದ್ರೆ ಉಪ್ಪು ಎಲ್ಲಿಂದ ಬಂತು?"

"ಕಾರಿಂದ ಸೋರಿರತ್ತೆ. ಎಲ್ಲದಕ್ಕೂ ಒಂದು ಕಥೆ ಬೇಕೇ ಬೇಕಾ ನಿಮಗೆ?"

ಮಗಳು ಫೋನಿನಿಂದ ತಲೆಯೆತ್ತದೆ ತೀರ್ಪು ಕೊಟ್ಟಳು: "ಡ್ಯಾಡ್, ಇಟ್ಸ್ ಜಸ್ಟ್ ಅ ಚೇರ್."

ಇರಬಹುದು. ಆದರೂ ನಾನು ಗ್ಯಾರೇಜಿನಲ್ಲಿ ಅದನ್ನು ಬಿಡಿಸಿ ಕೂತೆ. ಹೊರಗೆ, ಶಿಕಾಗೋದ ಹೊರವಲಯದ ಪ್ಲೇನ್‌ಫೀಲ್ಡಿನ ಹಿಮ ಬೀಳುತ್ತಿತ್ತು. ನಮ್ಮ ಬಡಾವಣೆಯಲ್ಲಿ ಹಿಮವೂ ಶಿಸ್ತಿನಿಂದ ಬೀಳುತ್ತದೆ, ಬಿದ್ದ ಸ್ವಲ್ಪ ಹೊತ್ತಿಗೇ ಅದನ್ನು ತಳ್ಳುವ ಗಾಡಿಯೂ ಬರುತ್ತದೆ. ಕಾರುಗಳು ಗ್ಯಾರೇಜಿನಲ್ಲಿ ಬೆಚ್ಚಗಿರುತ್ತವೆ. ಇಲ್ಲಿ ಕುರ್ಚಿಗೆ ಕುಳಿತುಕೊಳ್ಳುವುದನ್ನು ಬಿಟ್ಟರೆ ಬೇರೆ ಉಪಯೋಗವಿಲ್ಲ.

ಶಿಕಾಗೋ ನಗರದೊಳಗೆ ಹಾಗಲ್ಲ. ಅಲ್ಲಿ ಮೊಳಕಾಲುದ್ದ ಹಿಮ ಬಿದ್ದ ಮರುದಿನ ರಸ್ತೆಬದಿಯಲ್ಲಿ ಹೂತುಹೋದ ಕಾರನ್ನು ಸಲಿಕೆ ಹಿಡಿದು ಬಿಡಿಸಿಕೊಳ್ಳಬೇಕು. ಸೊಂಟ ಬಿದ್ದುಹೋಗುವ ಕೆಲಸ. ಹಾಗೆ ಬಿಡಿಸಿ ಆಫೀಸಿಗೆ ಹೋದಿರೋ, ಸಂಜೆ ಬರುವಷ್ಟರಲ್ಲಿ ಒಂದು ಹನಿ ಬೆವರು ಸುರಿಸದ ಯಾವನೋ ಅಲ್ಲಿ ತನ್ನ ಕಾರು ನಿಲ್ಲಿಸಿರುತ್ತಾನೆ. ಅದಕ್ಕೇ ಜನ ಆ ಖಾಲಿ ಜಾಗದಲ್ಲಿ ಒಂದು ಹಳೆಯ ಕುರ್ಚಿ ಇಟ್ಟು ಹೋಗುತ್ತಾರೆ. ಕುರ್ಚಿ ಇಲ್ಲದವರು ಇಸ್ತ್ರಿ ಮಾಡುವ ಮೇಜು, ಮಕ್ಕಳ ಮುರುಕು ಗಾಡಿ ಇಡುವುದೂ ಉಂಟು. ಕಾನೂನಿನ ಕಣ್ಣಿನಲ್ಲಿ ಇದಕ್ಕೆ ಕವಡೆ ಕಿಮ್ಮತ್ತಿಲ್ಲ. ಆದರೆ ಆ ಕುರ್ಚಿಯನ್ನು ಸರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹಾಕಿದವನು ಅಲ್ಲಿಲ್ಲ, ಅವನ ಕುರ್ಚಿ ಇದೆ, ಅಷ್ಟು ಸಾಕು.

ನಮಗೆ ಇದು ಹೊಸದೇನಲ್ಲ ಎನ್ನುತ್ತೀರಿ, ಗೊತ್ತು. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಂಜನಗೂಡಿನ ಬಸ್ಸು ತಿರುವಿನಲ್ಲಿ ಕಂಡ ಕೂಡಲೇ ನನ್ನ ಸೋದರಮಾವ ಅದರ ಜೊತೆಗೆ ಓಡುತ್ತ ಕಿಟಕಿಯಿಂದ ಟವೆಲ್ ಎಸೆಯುತ್ತಿದ್ದ. ಟವೆಲ್ ಬಿದ್ದ ಸೀಟು ನಮ್ಮದು. ಒಮ್ಮೆ ಅದೇ ಸೀಟಿಗೆ ಆಚೆ ಕಿಟಕಿಯಿಂದ ಒಬ್ಬ ಹೆಂಗಸು ತಿಂಡಿ ಡಬ್ಬಿ ಇಟ್ಟುಬಿಟ್ಟಳು. ಟವೆಲ್ ಮೊದಲೋ ಡಬ್ಬಿ ಮೊದಲೋ ಎಂಬ ಜಗಳ ನಂಜನಗೂಡು ಬಂದರೂ ಬಗೆಹರಿಯಲಿಲ್ಲ. ಇಬ್ಬರೂ ಪಟ್ಟು ಬಿಡದೆ ನಿಂತೇ ಪ್ರಯಾಣ ಮಾಡಿದರು. ಸೀಟಿನ ಮೇಲೆ ಟವೆಲ್ಲೂ ಡಬ್ಬಿಯೂ ಆರಾಮಾಗಿ ಕೂತು ಬಂದವು. ಈ ಪ್ರಸಂಗ ನಾನೇ ಕಂಡದ್ದೋ, ಮಾಲತಕ್ಕ ತಮ್ಮ ಸೋದರಮಾವನ ಬಗ್ಗೆ ಹೇಳಿದ್ದನ್ನು ನಾನು ನನ್ನದು ಮಾಡಿಕೊಂಡೆನೋ, ಈಗ ಬೇರೆ ಮಾಡಲಾರೆ. ಅವರೂ ಮೈಸೂರಿನವರೇ, ಚಾಮರಾಜಪುರಂ.

ಮಾಲತಕ್ಕ ಶಿಕಾಗೋದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವರು. ಇಟ್ಟಿಗೆಯ ಮೂರು ಮಹಡಿ ಕಟ್ಟಡ. ನಡುವಿನದರಲ್ಲಿ ನಾವು, ನೆಲಮಟ್ಟದಲ್ಲಿ ಅವರು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬೇಕು. ಮದುವೆಯಾಗಿರಲಿಲ್ಲ. ಕನ್ನಡ ಕೂಟದ ಆಂಟಿಯರು ಯಾಕೆಂದು ಕೇಳಿದರೆ "ಪಾರ್ಕಿಂಗ್ ಸಿಗ್ಲಿಲ್ಲ ಕಣ್ರೀ" ಎಂದು ಮುಂದೆ ಹೋಗುತ್ತಿದ್ದರು.

ಅವರು ಬಂದ ಮೊದಲ ಚಳಿಗಾಲದ ಕಥೆ ಇದು. ಆ ಊರಿನಲ್ಲಿ ಬೇಡವಾದ ಮೇಜು, ದೀಪ, ಕಪಾಟುಗಳನ್ನು ಜನ ಮನೆಯ ಹಿಂದಿನ ಗಲ್ಲಿಯಲ್ಲಿ ಇಟ್ಟುಬಿಡುತ್ತಾರೆ, ಬೇಕಾದವರು ಒಯ್ಯುತ್ತಾರೆ. ಹೊಸದಾಗಿ ಬಂದ ನಾವೆಲ್ಲ ಮನೆ ತುಂಬಿಸಿದ್ದೇ ಹಾಗೆ. ಮಾಲತಕ್ಕ ಒಂದು ಬೆಳಿಗ್ಗೆ ರಸ್ತೆಯ ಹಿಮದ ನಡುವೆ ಒಂಟಿಯಾಗಿ ನಿಂತ ಕುರ್ಚಿಯನ್ನು ನೋಡಿದರು. ಪಾಪ, ಯಾರೋ ಬಿಸಾಡಿದ್ದಾರೆ ಅಂದುಕೊಂಡು ಒಳಗೆ ತಂದು, ತೊಳೆದು, ಹೀಟರಿನ ಪಕ್ಕ ಒಣಗಿಸಿ, ಮೇಲೊಂದು ದಿಂಬು ಹಾಕಿ ಕೂತರು.

ಸಂಜೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಎದುರು ಮನೆಯ ಮಿಸ್ಟರ್ ಲೂಯಿಸ್. ಆರಡಿ ಮೀರಿದ ಎತ್ತರದ, ಕಪ್ಪು ಜನಾಂಗದ ಹಿರಿಯ, ನಿವೃತ್ತ ಬಸ್ ಡ್ರೈವರ್. ಅವರು ಒಳಗೆ ಇಣುಕಿ, ದಿಂಬು ಹೊತ್ತ ತಮ್ಮ ಕುರ್ಚಿಯನ್ನು ನೋಡಿ, ತುಂಬ ಮರ್ಯಾದೆಯಿಂದ ಹೇಳಿದರಂತೆ: "ಮೇಡಂ, ನೀವು ನನ್ನ ಪಾರ್ಕಿಂಗ್ ಮೇಲೆ ಕೂತಿದ್ದೀರಿ."

ವಿಷಯ ತಿಳಿದಾಗ ಮಾಲತಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತಂತೆ. ಕಾಫಿ ಕೊಟ್ಟರು. ಲೂಯಿಸ್ ಫಿಲ್ಟರ್ ಕಾಫಿಯನ್ನು ಅನುಮಾನದಿಂದ ಕುಡಿದು, ಎರಡನೇ ಲೋಟ ಕೇಳಿ, ಹೊರಡುವಾಗ ಕುರ್ಚಿಯನ್ನು ಅವರಿಗೇ ಬಿಟ್ಟು ಹೋದರು: "ಕುರ್ಚಿ ನೀವಿಟ್ಟುಕೊಳ್ಳಿ. ಜಾಗ ಮಾತ್ರ ನನ್ನದು." ಮಾಲತಕ್ಕನ ಈ ಪ್ರಸಂಗದಲ್ಲಿ ಕುರ್ಚಿಯನ್ನು ಮೊದಲು ಕಂಡವಳು ತಾನು ಎಂದು ಉಷಾ ಈಗಲೂ ವಾದಿಸುತ್ತಾಳೆ. ಆಗ ಉಷಾ ಇನ್ನೂ ಅಮೆರಿಕಕ್ಕೇ ಬಂದಿರಲಿಲ್ಲ ಎಂಬುದು ನನ್ನ ಲೆಕ್ಕ. ನನ್ನ ಲೆಕ್ಕವನ್ನು ನಾನೇ ಅಷ್ಟು ನಂಬುವುದಿಲ್ಲ.

ಮಾಲತಕ್ಕನಿಗೆ ನಗರವೆಂದರೆ ಹುಚ್ಚು. ಕಾರು ಕೊಳ್ಳಲಿಲ್ಲ, ರೈಲಿನಲ್ಲಿ ಹೋಗಿ ರೈಲಿನಲ್ಲಿ ಬರುತ್ತಿದ್ದರು. ಸ್ಟೇಷನ್ನಿನಿಂದ ಮನೆಗೆ ನಡೆದು ಬರಲು ರೈಲ್ವೆ ಸೇತುವೆಯೊಂದರ ಕೆಳಗೆ ದಾಟಬೇಕು. ಆ ಕಡೆ ಬ್ರೆಡ್ಡಿನ ಅಂಗಡಿ, ಈ ಕಡೆ ಲೈಬ್ರರಿ. "ಕಾಲ್ನಡೇಲಿ ಲೈಬ್ರರಿ ಸಿಗೋ ಊರು ಬಿಟ್ಟು ಯಾಕೋ ಹೋಗ್ಬೇಕು ಆ ಜೋಳದ ಹೊಲಕ್ಕೆ?" ಅಂತ, ಪ್ಲೇನ್‌ಫೀಲ್ಡಿನಲ್ಲಿ ಮನೆ ನೋಡುತ್ತಿದ್ದವರನ್ನೆಲ್ಲ ಗೇಲಿ ಮಾಡುತ್ತಿದ್ದರು.

ಅವರಿಗೆ ರಾಜಕೀಯದ ಹುಚ್ಚೂ ಇತ್ತು, ಅದೇ ನಗರದ ಸಲುವಾಗಿ. ನಗರಸಭೆಯ ಚುನಾವಣೆಗೆ ನಮ್ಮ ವಾರ್ಡಿನಿಂದ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ನಿಂತಿದ್ದಳು. ಪ್ರಗತಿಪರಳು, ಬಾಡಿಗೆದಾರರ ಪರ, ವಲಸಿಗರ ಪರ, ಸ್ಕೂಲುಗಳ ಪರ. ಮಾಲತಕ್ಕ ತಮ್ಮ ನಡುಮನೆಯಲ್ಲೇ ಸಭೆ ಸೇರಿಸಿದರು. ಅಭ್ಯರ್ಥಿ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಚಿತ್ರಾನ್ನ ತಿಂದಳು, ಒಗ್ಗರಣೆಯ ಮೆಣಸಿನಕಾಯನ್ನೂ ಬಿಡದೆ. ಅಲ್ಲೇ ನಾವೆಲ್ಲ ಅವಳಿಗೆ ಸೋತೆವು. ಮಾಲತಕ್ಕ ಬೀದಿ ಬೀದಿ ಸುತ್ತಿ "ವೋಟ್ ಹಾಕಿ" ಎಂದರು. ಹಾಗೆ ಹೇಳಿದವರಿಗೆ ಮಾತ್ರ ವೋಟಿರಲಿಲ್ಲ. ಅವರೂ ನಾನೂ ವೀಸಾದವರು. ಗ್ರೀನ್ ಕಾರ್ಡಿನ ಸರದಿಯಲ್ಲಿ ತಲೆ ನರೆಸಿಕೊಳ್ಳುತ್ತಿದ್ದವರು.

ಮತದಾನದ ದಿನ ಮಾಲತಕ್ಕ ಎಡಗೈ ತೋರುಬೆರಳಿನ ಉಗುರಿನ ಮೇಲೆ ಮಾರ್ಕರಿನಿಂದ ಒಂದು ಗೀರು ಎಳೆದುಕೊಂಡು ಮೇಲೆ ಬಂದರು.

"ಏನ್ ಮಾಲತಕ್ಕ ಇದು?"

"ನಮ್ಮ ದೇಶದೋರ ಬೆರಳಿಗೆಲ್ಲ ಹಚ್ಚೋ ಶಾಯಿ ತಯಾರಾಗೋದು ನಮ್ಮ ಮೈಸೂರಲ್ಲೇ ತಾನೆ? ಇಲ್ಲಿ ನಂಗೆ ಯಾರೂ ಹಚ್ಚಲ್ಲ. ಅದಕ್ಕೆ ನಾನೇ ಹಚ್ಕೊಂಡೆ ಕಣೋ ಶ್ರೀನಿ."

ನಮ್ಮ ಅಭ್ಯರ್ಥಿ ಗೆದ್ದಳು. ಆ ರಾತ್ರಿಯ ಊಟಕ್ಕೆ ಲೂಯಿಸ್ ಕೂಡ ಇದ್ದರು. ಇದು ಮಾತ್ರ ಖಂಡಿತ ನೆನಪಿದೆ, ಯಾಕೆಂದರೆ ಅವರು ಹೋಳಿಗೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೋದರು. ಖಂಡಿತ ಎನ್ನುವಷ್ಟು ಖಂಡಿತ.

ಊರು ಹಾಳಾಗುವುದು ಒಂದು ದಿನದಲ್ಲಲ್ಲ, ಹಾಗಾಗಿ ಅದಕ್ಕೆ ಸರಿಯಾದ ನೆನಪೂ ಇರುವುದಿಲ್ಲ. ಬ್ರೆಡ್ಡಿನ ಅಂಗಡಿ ಮುಚ್ಚಿ ಹಲಗೆ ಹೊಡೆದದ್ದು ಮೊದಲೋ, ಸ್ಟೇಷನ್ನಿನ ಲಿಫ್ಟ್ ಕೆಟ್ಟು ಹಾಗೇ ಉಳಿದದ್ದು ಮೊದಲೋ? ಲೈಬ್ರರಿಯ ಸಂಜೆಯ ಹೊತ್ತು ಕಡಿಮೆಯಾಯಿತು. ರೈಲಿನ ಬೋಗಿಯಲ್ಲಿ ಹೊಗೆಯ ವಾಸನೆ; ಮೂಲೆಯ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದವನನ್ನು ದಾಟಿ ಹೋಗುವುದಕ್ಕೆ ನಾವೂ ಕಲಿತೆವು, ಅವನಿಗೆ ಮನೆ ಕೊಡಿಸುತ್ತೇವೆ ಎಂದವರೂ ಕಲಿತರು. ಸೇತುವೆಯ ಬಾಯಲ್ಲಿದ್ದ ಬೀದಿದೀಪ ಆರಿಹೋಯಿತು.

ಆ ದೀಪಕ್ಕಾಗಿ ಮಾಲತಕ್ಕ ಪಟ್ಟ ಪಾಡು ನೆನೆದರೆ ನಗು ಬರುತ್ತದೆ. ಮೈಸೂರಿನಲ್ಲಿ ನಮ್ಮ ಬೀದಿಯ ದೀಪ ಕೆಟ್ಟರೆ ನಮ್ಮ ದೊಡ್ಡಮ್ಮ ಸ್ಕೂಟರಿನಲ್ಲಿ ಹೋಗುತ್ತಿದ್ದ ಕಾರ್ಪೊರೇಟರನ್ನು ಅಡ್ಡಗಟ್ಟಿ, "ಏನಪ್ಪಾ, ನಮ್ ಬೀದಿಗೆ ದಿನಾ ಅಮಾವಾಸ್ಯೆನಾ? ಎಲೆಕ್ಷನ್ ಬರ್ಲಿ, ನಿಂಗೂ ಗ್ರಹಣ ಹಿಡಿಸ್ತೀನಿ" ಎನ್ನುತ್ತಿದ್ದರು. ಆತ ದುಡ್ಡು ತಿನ್ನುವವನೇ, ಎಲ್ಲರಿಗೂ ಗೊತ್ತಿತ್ತು. ಅವನು ದೊಡ್ಡಮ್ಮನ ಮಾತನ್ನು ಪೂರ್ತಿ ಕೇಳಿಸಿಕೊಂಡವನೂ ಅಲ್ಲ. ಆದರೆ ದೀಪ ಹತ್ತುತ್ತಿತ್ತು.

ಇಲ್ಲಿ ನಮ್ಮವಳು ತಿನ್ನುವವಳಲ್ಲ. ತಿನ್ನುವವಳಾಗಿದ್ದರೆ ಬೈಯಬಹುದಿತ್ತು. ಒಳ್ಳೆಯವಳು, ಸುಸ್ತಾದವಳು, ಎದೆಯ ಮೇಲೆ ಕೈಯಿಟ್ಟು ಕೇಳಿಸಿಕೊಳ್ಳುವವಳು. ಚರ್ಚಿನ ನೆಲಮಾಳಿಗೆಯಲ್ಲಿ ಕರೆಯುತ್ತಿದ್ದ ಸಭೆಯ ಹೆಸರೇ "ಕೇಳಿಸಿಕೊಳ್ಳುವ ಸಭೆ". ಮೊದಲು ಈ ನೆಲದ ಮೂಲನಿವಾಸಿಗಳ ಸ್ಮರಣೆ. ಆಮೇಲೆ ಪ್ರತಿಯೊಬ್ಬರೂ ತಮಗೆ ಹೇಗನ್ನಿಸುತ್ತಿದೆ ಎಂದು ಹೇಳಬೇಕು. ಎಲ್ಲರಿಗೂ ಅನ್ನಿಸಿ ಮುಗಿಯುವಷ್ಟರಲ್ಲಿ ಚರ್ಚಿನವರು ಬೀಗ ಹಿಡಿದು ನಿಂತಿರುತ್ತಿದ್ದರು.

ಮಾಲತಕ್ಕ ದೀಪ ಕೇಳಿದರು. ಸದಸ್ಯೆಯ ಆಫೀಸಿನ ಯುವಕನೊಬ್ಬ ಬಹಳ ಕಳಕಳಿಯಿಂದ ಉತ್ತರಿಸಿದ: ಬೆಳಕೆಂದರೆ ಕೆಲವರಿಗೆ ರಕ್ಷಣೆ, ಇನ್ನು ಕೆಲವರಿಗೆ ಪೊಲೀಸರ ಕಣ್ಗಾವಲು, ಆದ್ದರಿಂದ ಇಡೀ ಬಡಾವಣೆ ಸೇರಿ ಬೆಳಕಿನ ಬಗ್ಗೆ ಸಮಗ್ರವಾಗಿ ಯೋಚಿಸಬೇಕು. ಹಿಂದಿನ ಸಾಲಿನಿಂದ ಲೂಯಿಸ್ ಎದ್ದು ನಿಂತರು. "ಮಗಾ, ನನಗೆ ಅಷ್ಟು ಬೆಳಕು ಬೇಡ. ನನ್ನ ಕಾಲು ನನಗೆ ಕಂಡರೆ ಸಾಕು." ಎಲ್ಲರೂ ನಕ್ಕರು. ನಮ್ಮ ಸದಸ್ಯೆಯೂ ನಕ್ಕಳು, ಎದೆಯ ಮೇಲಿನ ಕೈ ತೆಗೆಯದೆ.

ಹೊರಗೆ ಬಂದ ಮೇಲೆ ನಾನು ರೇಗಿದೆ. "ಚಿತ್ರಾನ್ನ ತಿಂದ್ಲಲ್ಲ, ಒಂದು ಬಲ್ಬ್ ಹಾಕ್ಸೋಕಾಗಲ್ವಾ?"

"ಅವಳೊಬ್ಬಳ ಕೈಲಿಲ್ಲ ಕಣೋ. ಇಲಾಖೆ ಇದೆ, ದುಡ್ಡಿಲ್ಲ, ಹಳೇ ಕೊಳೆ ಎಷ್ಟಿದೆ. ಟೈಮ್ ಕೊಡ್ಬೇಕು."

"ಇನ್ನೂ ಎಷ್ಟು ಕೊಡ್ತೀರಿ?"

ಸೇತುವೆ ಬಂದಿತ್ತು, ಮೂವರೂ ಫೋನಿನ ಬೆಳಕು ಹಚ್ಚಿಕೊಂಡು ಕೆಳಗೆ ದಾಟಿದೆವು. ಮಾಲತಕ್ಕ ಮುಂದೆ, ನಡುವೆ ಲೂಯಿಸ್, ನಾನು ಹಿಂದೆ. ಅಥವಾ ನಾನೇ ಮುಂದಿದ್ದೆನೋ. ಹಿಂದಿದ್ದೆ ಎಂದು ನೆನಪಿಟ್ಟುಕೊಳ್ಳುವುದು ಹಿತವಾಗಿದೆ, ಅಷ್ಟೇ.

ಮಗಳಿಗೆ ಸ್ಕೂಲಿನ ವಯಸ್ಸಾಯಿತು ಎಂಬ ನೆಪದಲ್ಲಿ ನಾವು ಪ್ಲೇನ್‌ಫೀಲ್ಡಿಗೆ ಬಂದೆವು. ನೆಪ ಎಂದೆನೇ? ಕಾರಣವೂ ಹೌದು. ಟ್ರಕ್ಕಿಗೆ ಸಾಮಾನು ಏರಿಸುವ ದಿನ ಮಾಲತಕ್ಕ ಮೆಟ್ಟಿಲ ಮೇಲೆ ಅದೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಹೋಗ್ಬಾ. ನಿನ್ನ ಜಾಗಕ್ಕೆ ಈ ಕುರ್ಚಿ ಇಟ್ಟಿರ್ತೀನಿ. ಜೋಳ ತಿಂದು ಬೇಜಾರಾದ್ಮೇಲೆ ಬಾ."

ಉಷಾ ಅತ್ತಳು. ನಾನು ಟ್ರಕ್ಕಿನ ಹಗ್ಗ ಬಿಗಿಯುತ್ತಿದ್ದೆ.

ಅಲ್ಲಿಂದ ಮುಂದಿನದು ಫೋನಿನಲ್ಲಿ ಕೇಳಿದ್ದು. ಒಂದು ಚಳಿಗಾಲ ಬೀದಿಯ ಕುರ್ಚಿಗಳನ್ನು ಜನ ಎತ್ತಿ ಬಿಸಾಡತೊಡಗಿದರಂತೆ. ಯಾರೆಂದು ಯಾರಿಗೂ ಗೊತ್ತಿಲ್ಲ. ಬಾಡಿಗೆಗೆ ಬಂದು ಹೋಗುವ ಹೊಸಬರಿರಬಹುದು, ಹಳಬರೇ ಬೇಸತ್ತಿರಬಹುದು. ಲೂಯಿಸ್ ಹಿಮ ತೆಗೆದ ಜಾಗದಲ್ಲಿ ಯಾರೋ ಕಾರು ನಿಲ್ಲಿಸಿದ್ದರು, ಕುರ್ಚಿ ಚರಂಡಿಯಲ್ಲಿತ್ತು. ಲೂಯಿಸ್ ಜಗಳವಾಡಲಿಲ್ಲವಂತೆ. "ಅದೇ ಹೆದರಿಕೆ ಆಗಿದ್ದು ನಂಗೆ" ಎಂದರು ಮಾಲತಕ್ಕ. ಬೇಸಿಗೆಗೆ ಲೂಯಿಸ್ ಮನೆ ಮಾರಿ ದಕ್ಷಿಣದ ಕಡೆ ಮಗಳ ಊರಿಗೆ ಹೊರಟುಹೋದರು.

ಮುಂದಿನ ಚಳಿಗಾಲ ಮಾಲತಕ್ಕ ಸೇತುವೆಯ ಕೆಳಗೆ ಬಿದ್ದರು. ಸಂಜೆ, ಲ್ಯಾಬಿನಿಂದ ಬರುವಾಗ. ಮಣಿಕಟ್ಟು ಮುರಿದಿತ್ತು. ನಾವು ಆಸ್ಪತ್ರೆಗೆ ನೋಡಲು ಹೋದಾಗ ಪ್ಲಾಸ್ಟರಿನ ಕೈ ಎತ್ತಿ ತೋರಿಸಿ, "ಐಸ್ ಮೇಲೆ ಜಾರ್ದೆ, ಇನ್ನೇನಿಲ್ಲ" ಎಂದರು. ಆದರೆ ಅವರ ಹೆಗಲಿನ ಚೀಲ ಎಲ್ಲೂ ಇರಲಿಲ್ಲ. ಉಷಾ ಕೇಳಿದಳು, "ಬ್ಯಾಗ್ ಎಲ್ಲಿ ಮಾಲತಕ್ಕ?" "ಎಲ್ಲೋ ಬಿದ್ದಿರತ್ತೆ ಬಿಡೇ." ಕೆನ್ನೆಯ ಮೇಲೊಂದು ಕಂದು ಗುರುತಿತ್ತು. ಐಸಿನ ಮೇಲೆ ಬಿದ್ದರೆ ಕೆನ್ನೆಗೂ ಪೆಟ್ಟಾಗುತ್ತದೆ. ಆಗಬಹುದು.

ಅವರು ಯಾಕೆ ಹೇಳುತ್ತಿರಲಿಲ್ಲ ಎಂಬುದು ನನಗೆ ಗೊತ್ತು ಎಂದುಕೊಂಡಿದ್ದೇನೆ. ಹೇಳಿದ್ದರೆ ಅದು ಮುಂದಿನ ಶನಿವಾರ ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ನಮ್ಮ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿನ ಜೊತೆ ಬಡಿಸಲ್ಪಡುತ್ತಿತ್ತು. "ನೋಡಿದ್ರಾ, ನಾವ್ ಹೇಳಿರ್ಲಿಲ್ವಾ? ಸಿಟಿ ಮುಗೀತು ಬಿಡಿ." ಹೀಗೆನ್ನುವವರು ಸಿಟಿಗೆ ಹೋಗಿ ಎಷ್ಟು ಕಾಲವಾಯಿತೋ. ಅವರ ಗೆಲುವಿನ ದನಿ ಕೇಳಿದಾಗ ನನಗೆ ಮೈ ಉರಿಯುತ್ತದೆ, ಅವರು ಹೇಳಿದ್ದರಲ್ಲಿ ಅರ್ಧ ನಿಜವಿದೆ ಎಂದು ಇನ್ನಷ್ಟು ಉರಿಯುತ್ತದೆ. ಒಳ್ಳೆಯ ಮಾತಾಡಿದವರ ಕೈಯಲ್ಲಿ ಊರು ಕೆಟ್ಟರೆ, ಕೆಟ್ಟ ಮಾತಾಡುವವರಿಗೆ ಹಬ್ಬ. ಮಾಲತಕ್ಕ ತಮ್ಮ ಮುರಿದ ಕೈಯನ್ನು ಆ ಹಬ್ಬಕ್ಕೆ ಕೊಡಲು ಸಿದ್ಧರಿರಲಿಲ್ಲ.

ಅದೇ ವಸಂತದಲ್ಲಿ ಅವರು ಮಿಶಿಗನ್ನಿಗೆ ಹೋದರು. ಡಿಟ್ರಾಯ್ಟ್ ಪಕ್ಕದ ಸೌತ್‌ಫೀಲ್ಡಿನಲ್ಲಿ ತಂಗಿಯ ಮನೆ ಹತ್ತಿರವೇ ಕೆಲಸ ಸಿಕ್ಕಿತ್ತು. ಹೋಗುವ ದಾರಿಯಲ್ಲಲ್ಲದಿದ್ದರೂ ಪ್ಲೇನ್‌ಫೀಲ್ಡಿಗೆ ಬಂದು, ಕಾರಿನ ಡಿಕ್ಕಿಯಿಂದ ಕುರ್ಚಿ ತೆಗೆದು ಗ್ಯಾರೇಜಿನಲ್ಲಿ ಇಟ್ಟರು. "ತಗೋ. ಇನ್ಮೇಲೆ ನಿಂಗೆ ಅಲ್ಲಿ ಜಾಗ ಹಿಡಿಯೋರು ಯಾರೂ ಇಲ್ಲ." ನಗುತ್ತಲೇ ಹೇಳಿದರು. ಕಾರು ಅವರೇ ಓಡಿಸುತ್ತಿದ್ದರು. ಮಾಲತಕ್ಕನನ್ನು ಸ್ಟೀರಿಂಗ್ ಹಿಂದೆ ನೋಡಿದ್ದು ಅದೇ ಮೊದಲು. ಬೇರೆ ಯಾರದೋ ಕನ್ನಡಕ ಹಾಕಿಕೊಂಡವರ ಹಾಗೆ ಕಂಡರು.

ನನಗೆ ಪೌರತ್ವ ಸಿಕ್ಕಿದ್ದು ಆಮೇಲೆ. ಮೊದಲ ವೋಟು ಹಾಕಿದ್ದು ಇಲ್ಲಿ, ಈ ಊರಿನ ಪಾರ್ಕುಗಳ ಮಂಡಳಿಗೆ. ಶಿಕಾಗೋ ಬಗ್ಗೆ ಅಷ್ಟು ವರ್ಷ ಬಾಯಿ ಬಡಿದುಕೊಂಡವನು, ಬಾಯಿಗೆ ಬೆಲೆ ಬರುವ ಹೊತ್ತಿಗೆ ಅಲ್ಲಿ ವಾಸವಿರಲಿಲ್ಲ. ಮನೆಗೆ ಬಂದು ಮಾರ್ಕರ್ ಹುಡುಕಿದೆ. ಸಿಗಲಿಲ್ಲ, ಅಥವಾ ಸಿಕ್ಕರೂ ಗೀರು ಎಳೆದುಕೊಳ್ಳಲಿಲ್ಲ.

ಕಳೆದ ಶರತ್ಕಾಲದಲ್ಲಿ ಸೌತ್‌ಫೀಲ್ಡಿಗೆ ಹೋಗಿದ್ದೆವು. ಆಫೀಸಿನ ಗೋಪುರಗಳು, ಅವುಗಳ ಸುತ್ತ ಮೈದಾನದಂಥ ಪಾರ್ಕಿಂಗ್ ಜಾಗಗಳು, ಅರ್ಧಕ್ಕರ್ಧ ಖಾಲಿ. ಡಿಯರ್‌ಬಾರ್ನಿನಲ್ಲಿ ಎಂಜಿನಿಯರ್ ಆಗಿರುವ, ಮಾಲತಕ್ಕನ ತಂಗಿಯ ಗಂಡ ಊಟದ ಹೊತ್ತಿಗೆ, "ಡಿಟ್ರಾಯ್ಟ್ ಹಾಳಾಗಿದ್ದು ನೋಡಿಯಾದ್ರೂ ನೀವ್ ಶಿಕಾಗೋದೋರು ಕಲೀಬೇಕಿತ್ತು ಸಾರ್" ಎಂದರು. "ಏನನ್ನ ಕಲೀಬೇಕಿತ್ತು ಭಾವ? ಬಿಟ್ಟೋಡೋದನ್ನಾ?" ಎಂದರು ಮಾಲತಕ್ಕ. ತಂಗಿಯ ಗಂಡನನ್ನು ಅವರು ತಮಾಷೆಗೆ ಭಾವ ಎನ್ನುತ್ತಿದ್ದರು. ಭಾವ ಮೊಸರು ಕಲಸಿಕೊಂಡರು.

ಊಟವಾದ ಮೇಲೆ ನಾವಿಬ್ಬರೇ ಇದ್ದಾಗ ಕೇಳಿಬಿಟ್ಟೆ. "ಮಾಲತಕ್ಕ, ಆವತ್ತು ಸೇತುವೆ ಕೆಳಗೆ..."

"ಇಲ್ಲಿ ಪಾರ್ಕಿಂಗಿಗೆ ಬರಗಾಲವೇ ಇಲ್ಲ ಕಣೋ" ಎಂದರು ಕಿಟಕಿಯಾಚೆ ನೋಡುತ್ತ. "ಎಷ್ಟು ಸ್ನೋ ಬಿದ್ರೂ ಯಾರೂ ಕುರ್ಚಿ ಇಡಲ್ಲ. ಇಡೋ ಅಗತ್ಯಾನೇ ಇಲ್ಲ." ಮಣಿಕಟ್ಟನ್ನು ಇನ್ನೊಂದು ಕೈಯಿಂದ ತಿರುವಿಕೊಳ್ಳುತ್ತಿದ್ದರು. ಆಮೇಲೆ, ಬಹಳ ಚಿಕ್ಕ ದನಿಯಲ್ಲಿ: "ದೀಪ ಹಾಕಿದಾರೇನೋ?"

"ಗೊತ್ತಿಲ್ಲ."

"ನೋಡ್ಕೊಂಡ್ ಬಂದು ಹೇಳ್ತೀಯಾ? ಹಾಕಿದ್ರೆ... ಹಾಕಿದ್ರೆ ನಾನು ಇನ್ನೊಂಚೂರು ತಡೀಬಹುದಿತ್ತು ಅಂತ ಆಗತ್ತೆ. ಹಾಕ್ದೆ ಇದ್ರೆ ಬಿಟ್ಟಿದ್ದು ಸರಿ ಅಂತ. ಎರಡರಲ್ಲಿ ಯಾವ್ದು ಬೇಕು ಅಂತ ನಂಗೇ ಗೊತ್ತಿಲ್ಲ. ಆದ್ರೂ ಹೇಳು."

ಹೋಗಿದ್ದೆ. ಒಂದಲ್ಲ, ಕೆಲವು ಸಲ. ಲೈಬ್ರರಿಯ ಮುಂದೆ ಕಾರು ನಿಲ್ಲಿಸಿ ನಡೆದೆ. ಜಾಗ ಸುಲಭವಾಗಿ ಸಿಕ್ಕಿತು. ನಮ್ಮ ಹಳೆಯ ಮನೆಯ ಕಿಟಕಿಯಲ್ಲಿ ಬೇರೆ ಪರದೆ. ಲೂಯಿಸರ ಮನೆಯ ಕರೆಗಂಟೆಯ ಪಕ್ಕ ಬೇರೆ ಹೆಸರು. ಇಲ್ಲಿ ಕತ್ತಲಾದ ಮೇಲೆ ಹೇಗಿರುತ್ತದೆ ಎಂದು ಫೋನ್ ಮಾಡಿ ಕೇಳಲು ಆ ಬೀದಿಯಲ್ಲಿ ನನಗೆ ಈಗ ಯಾರೂ ಇಲ್ಲ. ಸೇತುವೆಯ ಬಾಯಲ್ಲಿ ಕಂಬ ಇದೆ. ಅದರ ತುದಿಯ ದೀಪದ ಬುರುಡೆ ಹೊಸದರ ಹಾಗೆ ಕಾಣುತ್ತದೆ. ಕೆಳಗೆ ನಿಂತು ಕತ್ತೆತ್ತಿ ನೋಡಿದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

ಮಾಲತಕ್ಕನಿಗೆ ಇನ್ನೂ ಫೋನ್ ಮಾಡಿಲ್ಲ. ಗ್ಯಾರೇಜಿನ ಕುರ್ಚಿ ಅವರದೋ ಸಾಕರ್ ಮ್ಯಾಚಿನದೋ, ತಿಳಿಯದು. ಆ ಸಂಜೆ ಅವರು ಜಾರಿದರೋ, ಯಾರಾದರೂ ತಳ್ಳಿದರೋ, ಅದೂ ತಿಳಿಯದು. ಸೇತುವೆಯ ಆ ದೀಪ ರಾತ್ರಿ ಉರಿಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹೋದದ್ದೆಲ್ಲ ಹಗಲಿನಲ್ಲಿ.